ಪಟ್ಟಿಯಲ್ಲಿಲ್ಲದ ವಿಮಾನವೂ ನನ್ನ ವಾರಗಿತ್ತಿಯೂ

ನನಗೆ ಹೊಟ್ಟೆಕಿಚ್ಚು ಎಂದರೇನೆಂದೇ ಗೊತ್ತಿಲ್ಲ. ದಾವಣಗೆರೆಯ ವಿದ್ಯಾನಗರದ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಎದುರು ಮನೆಯವರು ಕಾರು ತಂದಾಗ ಆರತಿ ತಟ್ಟೆ ಹಿಡಿದು ಮೊದಲು ಹೋದವಳು ನಾನು. ಪಕ್ಕದ ಮನೆಯವರು ಮಹಡಿ ಕಟ್ಟಿಸಿ ನಮ್ಮ ಬಟ್ಟೆ ಒಣಗುವ ಬಿಸಿಲನ್ನು ಪೂರ್ತಿ ತಡೆದಾಗಲೂ, ಅವರ ಗೃಹಪ್ರವೇಶಕ್ಕೆ ಹೋಗಿ ಎರಡೆರಡು ಸಲ ಹೋಳಿಗೆ ಹಾಕಿಸಿಕೊಂಡು ಹರಸಿ ಬಂದೆ. ಇಂಥ ಉದಾರ ಮನಸ್ಸಿನಲ್ಲಿ ದೇವರು ಒಂದೇ ಒಂದು ಕಡೆ ಸಣ್ಣ ತೂತು ಬಿಟ್ಟಿದ್ದಾನೆ. ಆ ತೂತಿನ ಹೆಸರು ಶೈಲಜಾ!

ಶೈಲಜಾ ನನ್ನ ವಾರಗಿತ್ತಿ. ಅಂದರೆ ನನ್ನ ಮೈದುನ ಬಸವರಾಜನ ಹೆಂಡತಿ. ಅವರ ಮನೆ ಹರಿಹರದಲ್ಲಿ. ನಮ್ಮ ಅತ್ತೆ ಇರುವುದೂ ಅಲ್ಲೇ. ಹಿರಿಸೊಸೆ ನಾನು, ಆದರೆ ಮನೆತನದಲ್ಲಿ ಹೊಸದೇನೇ ನಡೆದರೂ ಅದು ಮೊದಲು ಅವಳ ಮನೆಯಲ್ಲಿ ನಡೆಯುತ್ತದೆ. ಬಾಗಿಲು ತೆಗೆಯದೆ ಹೊರಗಿನಿಂದಲೇ ತಣ್ಣೀರು ಕೊಡುವ ಫ್ರಿಜ್ಜು ಮೊದಲು ಬಂದದ್ದು ಅವಳಿಗೆ. ತಾನೇ ಮನೆಯೆಲ್ಲ ಓಡಾಡಿ ಕಸ ಗುಡಿಸುವ ಗುಂಡನೆಯ ಯಂತ್ರ ಬಂದದ್ದೂ ಅವಳಿಗೆ. ನಾನು ಅದನ್ನು ನೋಡಲು ಹೋದ ದಿನ ಅದು ನೇರವಾಗಿ ನನ್ನ ಸೀರೆಯ ನೆರಿಗೆಯೊಳಗೆ ನುಗ್ಗಿತು. ನಾನು ಸೋಫಾ ಹತ್ತಿ ಕೂಗಿಕೊಂಡೆ. "ಅಕ್ಕಾ, ಅದು ಏನೂ ಮಾಡಂಗಿಲ್ರಿ, ಭಾಳ ಸಾಧು" ಎಂದು ಅವಳು ನನ್ನನ್ನು ಸಮಾಧಾನ ಮಾಡಿದ ದನಿ ಇವತ್ತಿಗೂ ಕಿವಿಯಲ್ಲಿದೆ.

ಹೀಗಿರುವಾಗ ಅತ್ತೆಗೆ ಕಾಶಿ ನೋಡುವ ಆಸೆಯಾಯಿತು. ರೈಲಿನಲ್ಲಿ ಅಷ್ಟು ದೂರ ಕೂರಲು ಮಂಡಿ ಒಪ್ಪುವುದಿಲ್ಲ, ಆದ್ದರಿಂದ ವಿಮಾನ. ನಮ್ಮ ಇಡೀ ಕುಟುಂಬದಲ್ಲಿ ಅಲ್ಲಿಯತನಕ ವಿಮಾನವನ್ನು ಕತ್ತೆತ್ತಿ ನೋಡಿದವರೇ ಎಲ್ಲ, ಹತ್ತಿದವರು ಯಾರೂ ಇಲ್ಲ. ಈ ಒಂದು ಪುಣ್ಯವನ್ನು ಮಾತ್ರ ಶೈಲಜಾಳಿಗೆ ಬಿಟ್ಟುಕೊಡಬಾರದೆಂದು ನಾನು ತೀರ್ಮಾನಿಸಿದೆ. ಅತ್ತೆಯನ್ನು ಕೈಹಿಡಿದು ವಿಮಾನ ಹತ್ತಿಸಿದ ಹಿರಿಸೊಸೆ ಎಂದು ಬಳಗವೆಲ್ಲ ನನ್ನನ್ನು ಹೊಗಳಬೇಕು! ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಲೆಕ್ಕ ಹಾಕಿ, ವೇಳೆ ನೋಡಿ, ಬೆಂಗಳೂರಿನಿಂದ ಕಾಶಿಗೆ ಹಿತವಾದ ಹೊತ್ತಿನಲ್ಲಿ ಹೊರಡುವ ಒಂದು ವಿಮಾನ ಆರಿಸಿದೆ. ಸ್ಟಾಫ್ ರೂಮಿನಲ್ಲಿ ಘೋಷಿಸಿದೆ. ಬೀದಿಯಲ್ಲಿ ಘೋಷಿಸಿದೆ. ಹಾಲಿನವನಿಗೂ ಹೇಳಿದೆ. ಟಿಕೆಟ್ ಮಾಡಿಸುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಹರಿಹರದಿಂದ ಫೋನು ಬಂತು.

"ಅಕ್ಕಾ, ನೀವು ನೋಡಿರೋ ವಿಮಾನದ ಕಂಪನಿ ಹೆಸರು ಪಟ್ಟಿಯೊಳಗೇ ಇಲ್ರಿ."

"ಯಾವ ಪಟ್ಟಿ?"

"ಯಾವ ಕಂಪನಿ ವಿಮಾನ ಎಷ್ಟು ಸುರಕ್ಷಿತ ಅಂತ ನಂಬರ್ ಕೊಡ್ತಾರಲ್ರೀ, ಆ ಪಟ್ಟಿ. ನಾನು ಇನ್ನೊಂದು ಕಂಪನಿ ನೋಡೀನಿ. ಅದು ಪಟ್ಟಿಯೊಳಗೆ ಐತೆ, ಅದೂ ಮ್ಯಾಲೇ ಐತೆ. ಅತ್ತೆಗೆ ತೋರ್ಸಿದೆ. ಭಾಳ ಖುಷಿಯಾದ್ರು."

ಅತ್ತೆ ಖುಷಿಯಾದರಂತೆ! ನಾನು ಫೋನಿಟ್ಟು ಒಂದು ಚೊಂಬು ನೀರು ಕುಡಿದೆ. ಹೊಟ್ಟೆಯೊಳಗಿನ ಬೆಂಕಿ ಆರಲಿಲ್ಲ.

ಆ ದಿನದಿಂದ ನಾನು ವಿಮಾನ ಸುರಕ್ಷತೆಯ ಪಟ್ಟಿಗಳ ಅಧ್ಯಯನಕ್ಕೆ ಕುಳಿತೆ. ಮಕ್ಕಳ ಉತ್ತರಪತ್ರಿಕೆಗಳು ಮೇಜಿನ ಮೇಲೆ ಹಾಗೇ ಬಿದ್ದಿದ್ದವು. ಮೊಬೈಲಿನಲ್ಲಿ ಹುಡುಕಿದಷ್ಟೂ ನನಗೆ ಸಂತೋಷವಾಗತೊಡಗಿತು. ಏಕೆಂದರೆ ಪಟ್ಟಿ ಒಂದಲ್ಲ, ಹಲವು! ಒಂದರಲ್ಲಿ ಮೇಲಿರುವ ಕಂಪನಿ ಇನ್ನೊಂದರಲ್ಲಿ ಕೆಳಗಿದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಒಬ್ಬರು ವಿಮಾನಗಳ ವಯಸ್ಸಿಗೆ ಅಂಕ ಕೊಡುತ್ತಾರೆ. ಇನ್ನೊಬ್ಬರು ಎಷ್ಟು ಅಪಘಾತವಾಗಿದೆ, ಎಷ್ಟು ಸಲ ಕೂದಲೆಳೆಯಲ್ಲಿ ತಪ್ಪಿದೆ ಎಂದು ಲೆಕ್ಕ ಹಾಕುತ್ತಾರೆ. ಮತ್ತೊಬ್ಬರು ಪೈಲಟ್‌ಗಳ ತರಬೇತಿ, ತಪಾಸಣೆಯ ವರದಿ ನೋಡುತ್ತಾರೆ. ಯಾವುದಕ್ಕೆ ಎಷ್ಟು ಅಂಕ ಎಂಬುದು ಪಟ್ಟಿ ಮಾಡುವವರ ಇಷ್ಟ.

"ನೋಡ್ರಿ, ಇದೆಂಥ ನ್ಯಾಯ?" ಎಂದು ನಮ್ಮ ಮನೆಯವರ ಮುಂದೆ ಮೊಬೈಲು ಹಿಡಿದೆ. ಅವರು ಪಾಲಿಟೆಕ್ನಿಕ್ಕಿನಲ್ಲಿ ವರ್ಕ್‌ಶಾಪ್ ಕಲಿಸುವವರು. ಭಾನುವಾರವಾದರೆ ಮನೆಯ ಯಾವುದಾದರೂ ಸಾಮಾನನ್ನು ಬಿಚ್ಚಿ ಕೂರುತ್ತಾರೆ. "ಒಂದು ಕಂಪನಿ ದಿನವಿಡೀ ಹಾರ್ತಾನೇ ಇರ್ತೈತೆ. ಇನ್ನೊಂದು ಅಪರೂಪಕ್ಕೆ ಹಾರ್ತೈತೆ. ಅಪರೂಪಕ್ಕೆ ಹಾರೋದಕ್ಕೆ ಅಪಘಾತ ಆಗಿಲ್ಲ ಅಂತ ಮೊದಲನೇ ನಂಬರ್ ಕೊಟ್ರೆ ಹೆಂಗೆ?"

"ನಮ್ಮ ಸ್ಕೂಟರ್ ಇದ್ದಂಗೆ" ಎಂದರು ಅವರು, ಮಿಕ್ಸಿಯೊಳಗಿಂದ ತಲೆ ಎತ್ತದೆ. "ಎಷ್ಟೋ ವರ್ಷದಿಂದ ಒಂದು ಆಕ್ಸಿಡೆಂಟಿಲ್ಲ. ಯಾಕಂದ್ರೆ ಸ್ಟಾರ್ಟೇ ಆಗಲ್ಲ."

"ಬರೋಬ್ಬರಿ! ಇನ್ನೊಂದು ಕೇಳ್ರಿ. ಸಣ್ಣ ಪುಟ್ಟದ್ದು ಏನೇ ಆದ್ರೂ ಪ್ರಾಮಾಣಿಕವಾಗಿ ವರದಿ ಮಾಡೋ ಕಂಪನಿ ಹೆಸರು ಕೆಡ್ತೈತೆ. ಮುಚ್ಚಿಟ್ಟೋರು ಮ್ಯಾಲೆ ಹೋಗ್ತಾರೆ! ನಮ್ಮೂರಾಗೆ ಕೆಲವು ಶಾಲೆಯೋರು ದಡ್ಡ ಮಕ್ಕಳನ್ನ ಪರೀಕ್ಷೆಗೇ ಕೂಡ್ರಿಸದೆ ನೂರಕ್ಕೆ ನೂರು ಫಲಿತಾಂಶ ಅಂತ ಬ್ಯಾನರ್ ಕಟ್ತಾರಲ್ಲ, ಹಂಗೆ."

"ಸರಿ, ಪಟ್ಟಿ ಸರಿ ಇಲ್ಲ. ಈಗ ಏನು ಮಾಡ್ತೀ?"

"ಹರಿಹರಕ್ಕೆ ಹೋಗ್ತೀನಿ."

ಅವರು ಆಗ ತಲೆ ಎತ್ತಿದರು. "ಬ್ಯಾಡ ಗಿರಿಜಾ" ಎಂದರು. ಮದುವೆಯಾದಾಗಿನಿಂದ ಅವರು ಕೊಟ್ಟ ಸಲಹೆಗಳಲ್ಲಿ ಇದೊಂದೇ ಉಪಯೋಗಕ್ಕೆ ಬರುವಂಥದ್ದಾಗಿತ್ತು. ನಾನು ಕೇಳಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಹರಿಹರದಲ್ಲಿಳಿದೆ. ಶೈಲಜಾಳ ಮನೆಯ ನಡುಮನೆಯಲ್ಲಿ ಅತ್ತೆ ದಿವಾನದ ಮೇಲೆ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಬಳೆ ಅಂಗಡಿಯ ಫಾತಿಮಾಬಿ. ಆಕೆ ನೆರೆಮನೆಯವರು, ಅತ್ತೆಯ ಬಹುಕಾಲದ ಗೆಳತಿ. ಇಬ್ಬರ ನಡುವೆ ಮಂಡಕ್ಕಿ, ಮೆಣಸಿನಕಾಯಿ. ಶೈಲಜಾ "ಬರ್ರಿ ಅಕ್ಕಾ, ಕೂಡ್ರಿ" ಎಂದು ಫ್ರಿಜ್ಜಿನ ಹೊರಗಿನಿಂದಲೇ ತಣ್ಣೀರು ಹಿಡಿದು ತಂದುಕೊಟ್ಟಳು. ಬೇಕಂತಲೇ ನನ್ನ ಮುಂದೆ ಹಿಡಿದಳು ಎಂದು ನನ್ನ ಅಭಿಪ್ರಾಯ.

ನಾನು ನೀರು ಕುಡಿದು ಭಾಷಣ ಶುರು ಮಾಡಿದೆ. ವಿಮಾನಗಳ ವಯಸ್ಸು, ಹಾರಾಟದ ಲೆಕ್ಕ, ಮುಚ್ಚಿಟ್ಟ ಘಟನೆಗಳು, ಪರೀಕ್ಷೆಗೇ ಕೂರಿಸದ ಮಕ್ಕಳು, ಒಂದನ್ನೂ ಬಿಡಲಿಲ್ಲ. ಅತ್ತೆ ಮಂಡಕ್ಕಿ ಮುಕ್ಕುವುದನ್ನು ನಿಲ್ಲಿಸಿ ಕೇಳಿದರು. ಫಾತಿಮಾಬಿ ಬಾಯಿ ತೆರೆದು ಕೇಳಿದರು.

"ಇಷ್ಟೆಲ್ಲ ನಂಗೆ ತಿಳೀವಲ್ದವ್ವಾ" ಎಂದರು ಅತ್ತೆ ಕೊನೆಗೆ. "ಮನೆ ಮಾತಿನಾಗೆ ಹೇಳು."

ಇಲ್ಲಿಗೆ ನಿಲ್ಲಿಸಿ ಬಸ್ಸು ಹತ್ತಬೇಕಿತ್ತು. ಆದರೆ ಗಣಿತದ ಮೇಷ್ಟ್ರುಗಳಿಗೆ ಉದಾಹರಣೆ ಕೊಡುವ ಚಟ ಇರುತ್ತದೆ ನೋಡಿ!

"ಮನೆ ಮಾತೇ ಆಗ್ಲಿ ಅತ್ತೆ. ನಾವಿಬ್ರು ಸೊಸೇರು ಎರಡು ವಿಮಾನ ಕಂಪನಿ ಅಂತ ತಿಳ್ಕೊಳ್ರಿ. ಅಡುಗೆಮನೆನೇ ವಿಮಾನ. ಯಾರ ಅಡುಗೆಮನೆ ಸುರಕ್ಷಿತ ಅಂತ ನಂಬರ್ ಕೊಡೋಣ. ಹೆಂಗೆಂಗೆ ಲೆಕ್ಕ ಹಾಕಿದ್ರೆ ಹೆಂಗೆಂಗೆ ಬದಲಾಗ್ತೈತೆ ನೀವೇ ನೋಡ್ರಿ."

ಅತ್ತೆಯ ಕಣ್ಣು ಹೊಳೆದವು. "ಹಂಗಾದ್ರೆ ಗೆದ್ದೋರು ಆರಿಸಿದ ವಿಮಾನದಾಗೇ ನಾನು ಕಾಶಿಗೆ ಹೋಗ್ತೀನಿ" ಎಂದುಬಿಟ್ಟರು.

ಶೈಲಜಾ "ಅಯ್ಯೋ ಬ್ಯಾಡ ಬಿಡ್ರಿ ಅತ್ತೆ" ಎಂದಳು. ಹೆದರಿದಳು ಎಂದು ನಾನು ಭಾವಿಸಿದೆ. "ಯಾಕ ಬ್ಯಾಡ? ಆಗ್ಲಿ!" ಎಂದೆ.

ಫಾತಿಮಾಬಿಯವರು ತೀರ್ಪುಗಾರರಾದರು. ಅಂಕ ಬರೆದಿಡಲು ಅವರಿಗೆ ಹಾಳೆ ಬೇಕಿರಲಿಲ್ಲ. ಚೀಲದಿಂದ ಗಾಜಿನ ಬಳೆ ತೆಗೆದರು. ಶೈಲಜಾ ಗೆದ್ದಾಗ ಎಡಗೈಗೊಂದು, ನಾನು ಗೆದ್ದಾಗ ಬಲಗೈಗೊಂದು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳ ಲೆಕ್ಕವನ್ನು ಹೀಗೇ ಇಟ್ಟುಕೊಳ್ಳುತ್ತಾರಂತೆ.

ಮೊದಲನೆಯದು ಸಾಮಾನುಗಳ ವಯಸ್ಸು. ಶೈಲಜಾಳ ಒಲೆ ಹೊಸದು, ಕುಕ್ಕರ್ ಹೊಸದು, ಗ್ಯಾಸಿನ ಪೈಪೂ ಹೊಸದು. ಎಡಗೈಗೆ ಮೂರು ಬಳೆ ಸರಸರನೆ ಏರಿದವು. ನಾನು ಕೂಡಲೇ ಎದ್ದು ನಿಂತೆ.

"ಇದು ತಪ್ಪು! ವಯಸ್ಸು ನೋಡಬಾರದು. ಹೆಂಗೆ ನೋಡ್ಕೊಂಡಾರೆ ಅನ್ನೋದು ನೋಡಬೇಕು. ಹಳೇ ವಿಮಾನ ಅಂದ್ರೆ ಅಪಾಯ ಅಂತ ಅಲ್ಲ. ನಮ್ಮನೇಲಿ ನಮ್ಮನೆಯವರು ವಾರಕ್ಕೊಂದ್ಸಲ ಎಲ್ಲ ಬಿಚ್ಚಿ ಜೋಡಿಸ್ತಾರೆ!"

"ಬರಾಬರ್ ಐತೆ" ಎಂದು ಫಾತಿಮಾಬಿ ಮೂರೂ ಬಳೆ ಕಳಚಿ, ನಿರ್ವಹಣೆಗೆಂದು ನನ್ನ ಕೈಗೆ, ಅಂದರೆ ತಮ್ಮ ಬಲಗೈಗೆ, ಎರಡು ಏರಿಸಿದರು.

ಎರಡನೆಯದು ಅಪಘಾತ. ಶೈಲಜಾ ಒಮ್ಮೆ ಹಾಲು ಉಕ್ಕಿಸಿದ್ದಾಗಿಯೂ, ಇನ್ನೊಮ್ಮೆ ಬಾಣಲೆಗೆ ಬೆಂಕಿ ಹತ್ತಿ ಮುಚ್ಚಳ ಮುಚ್ಚಿದ್ದಾಗಿಯೂ ತಾನೇ ಹೇಳಿದಳು.

"ನಿಮ್ದೇನ್ರಿ ಗಿರಿಜಕ್ಕಾ?" ಎಂದರು ಫಾತಿಮಾಬಿ.

"ಸೊನ್ನೆ" ಎಂದೆ.

"ಒಂದೂ ಇಲ್ಲ?"

"ಒಂದೂ ಇಲ್ಲ!"

ಬಲಗೈಗೆ ಬಳೆ ಏರಿತು. ಪ್ರಾಮಾಣಿಕರ ಹೆಸರು ಕೆಡುತ್ತದೆ, ಮುಚ್ಚಿಟ್ಟವರು ಮೇಲೆ ಹೋಗುತ್ತಾರೆ ಎಂದು ಈಗಷ್ಟೇ ಗಂಟಲು ಹರಿದುಕೊಂಡವಳು ನಾನೇ. ಆದರೆ ಬಳೆಯ ಸದ್ದು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ ಆ ಮಾತು ನೆನಪಿಗೇ ಬರಲಿಲ್ಲ.

ಮೂರನೆಯದು ಎಷ್ಟು ಅಡುಗೆಗೆ ಎಷ್ಟು ಅಪಘಾತ ಎಂಬ ಲೆಕ್ಕ. ಇದು ನನ್ನದೇ ಸೇರ್ಪಡೆ. ಶೈಲಜಾ ವಾರಕ್ಕೆರಡು ಸಲ ಹೋಟೆಲಿನಿಂದ ಬೆಣ್ಣೆ ದೋಸೆ ತರಿಸುತ್ತಾಳೆ, ಆ ಹೊತ್ತಿನ ಅಡುಗೆಯನ್ನು ಹಾರಾಟವೆಂದು ಎಣಿಸುವಂತಿಲ್ಲ ಎಂದು ವಾದಿಸಿದೆ. ಬಲಗೈಗೆ ಇನ್ನೊಂದು ಬಳೆ! ಶೈಲಜಾ ಎಲ್ಲರಿಗೂ ಚಹಾ ತಂದಳು. ನಾನು ಗೆದ್ದ ಸಂಭ್ರಮದಲ್ಲಿ ಚಹಾ ಚೆನ್ನಾಗಿದೆ ಎಂದು ಹೇಳಿಬಿಟ್ಟೆ. ನನ್ನ ಔದಾರ್ಯಕ್ಕೆ ನಾನೇ ಬೆರಗಾದೆ.

"ಆತಲ್ಲ, ಇನ್ನ ತಪಾಸಣೆ ಒಂದು" ಎಂದರು ಅತ್ತೆ. "ಮುಂದಿನ ಭಾನುವಾರ ನಿಮ್ಮನೀಗೆ ಬಂದು ನೋಡ್ತೀವಿ."

ಅಷ್ಟಕ್ಕೆ ಹೂಂ ಅಂದಿದ್ದರೆ ನನ್ನ ಕಥೆ ಸುಖಾಂತವಾಗುತ್ತಿತ್ತು. ಒಂದು ವಾರದಲ್ಲಿ ಹೊಸ ಕುಕ್ಕರ್ ಬರುತ್ತಿತ್ತು, ಅಡುಗೆಮನೆಗೆ ಸುಣ್ಣವೂ ಆಗುತ್ತಿತ್ತು. ಆದರೆ ಗೆಲ್ಲುತ್ತಿರುವವರ ನಾಲಿಗೆ ಸುಮ್ಮನಿರುವುದೇ?

"ಅತ್ತೆ, ವಿಮಾನದೋರ ತಪಾಸಣೆಯ ದೊಡ್ಡ ದೋಷನೇ ಇದು. ಮೊದಲೇ ಹೇಳಿ ಬಂದ್ರೆ ಎಲ್ಲರೂ ಒಪ್ಪ ಮಾಡಿ ಇಟ್ಟಿರ್ತಾರೆ. ಹೇಳದೆ ಕೇಳದೆ ಬಂದು ನೋಡಿದ್ರೆ ಮಾತ್ರ ನಿಜ ತಿಳಿಯೋದು. ಶೈಲಜಾ, ನಿನ್ನ ಅಡುಗೆಮನೆ ಈಗ್ಲೇ ತೋರ್ಸು!"

ತೋರಿಸಿದಳು. ಕನ್ನಡಿಯಂತಿತ್ತು. ಎಡಗೈಗೆ ಒಂದು ಬಳೆ.

ಅತ್ತೆ ದಿವಾನದಿಂದ ಇಳಿದು ಚಪ್ಪಲಿ ಹುಡುಕತೊಡಗಿದರು. "ಬಸಣ್ಣಾ, ಕಾರು ತೆಗಿ."

"ಎಲ್ಲಿಗೆ ಅವ್ವಾ?" ಎಂದ ನನ್ನ ಮೈದುನ.

"ದಾವಣಗೆರಿಗೆ. ಹೇಳದೆ ಕೇಳದೆ ನೋಡಬೇಕಂತೆ ನಿಮ್ಮತ್ತಿಗೆ."

ಹರಿಹರದಿಂದ ದಾವಣಗೆರೆ ಎಷ್ಟು ಹತ್ತಿರ ಎಂಬುದು ನನಗೆ ಅಂದೇ ಸರಿಯಾಗಿ ತಿಳಿದದ್ದು. ದಾರಿಯಲ್ಲಿ ಒಂದಾದರೂ ಲಾರಿ ಅಡ್ಡ ನಿಂತು ತಡವಾಗಬಾರದೇ ಎಂದು ಬೇಡಿಕೊಂಡೆ. ರಸ್ತೆ ಹಬ್ಬದ ದಿನದ ಕಚೇರಿಯಂತೆ ಖಾಲಿ ಇತ್ತು. ಮನೆಗೆ ಫೋನು ಮಾಡೋಣವೆಂದರೆ ಶೈಲಜಾ ಮುಂದಿನ ಸೀಟಿನಲ್ಲಿ, ನನ್ನ ಎರಡೂ ಪಕ್ಕ ಅತ್ತೆ ಮತ್ತು ಫಾತಿಮಾಬಿ ಕೂತಿದ್ದರು. ಅವರ ತೊಡೆಗಳ ನಡುವೆ ನನ್ನ ಕೈ ಚೀಲದವರೆಗೂ ಹೋಗುತ್ತಿರಲಿಲ್ಲ.

ಬಾಗಿಲು ತೆರೆದ ನಮ್ಮ ಮನೆಯವರಿಗೆ ತಾಯಿಯನ್ನು ನೋಡಿ ಆನಂದವೋ ಆನಂದ. "ಬಾ ಅವ್ವಾ! ಬರ್ರಿ ಫಾತಿಮಕ್ಕಾ! ಊಟ ಮಾಡ್ಕೊಂಡೇ ಹೋಗಬೇಕು, ಬ್ಯಾಳೆ ಇಡ್ತೀನಿ" ಎಂದು ಒಳಗೋಡಿ ಕುಕ್ಕರ್ ಒಲೆಗೇರಿಸಿಯೇ ಬಿಟ್ಟರು. ಇದು ತಪಾಸಣೆ ಎಂದು ಆ ಪುಣ್ಯಾತ್ಮರಿಗೆ ಹೇಳುವವರು ಯಾರು? ನಾನು ಹಿಂದಿನಿಂದ ಕಣ್ಣು ಮಿಟುಕಿಸಿದೆ. "ಕಣ್ಣಿಗೇನಾತು, ಧೂಳು ಬಿತ್ತಾ?" ಎಂದು ಎಲ್ಲರ ಮುಂದೆ ಕೇಳಿದರು.

ಆಮೇಲೆ ಅವರೇ ಅಡುಗೆಮನೆಯನ್ನು ತೋರಿಸಲು ನಿಂತರು. ತಮ್ಮ ಕೈಚಳಕವನ್ನು ಇಷ್ಟು ಆಸಕ್ತಿಯಿಂದ ನೋಡುವವರು ಅವರಿಗೆ ಜೀವಮಾನದಲ್ಲೇ ಸಿಕ್ಕಿರಲಿಲ್ಲ.

"ಈ ಒಲೆ ಗುಂಡಿ ಮುರಿದಿತ್ತು. ಇಕ್ಕಳದಾಗೆ ತಿರುಗಿಸೋದು. ನಂದೇ ಐಡಿಯಾ."

"ಹೂಂ" ಎಂದರು ಫಾತಿಮಾಬಿ. ಬಲಗೈಯಿಂದ ಒಂದು ಬಳೆ ಇಳಿಯಿತು.

"ಕುಕ್ಕರಿನ ರಬ್ಬರ್ ಸಡಿಲ ಆಗೈತೆ. ಅದಕ್ಕೆ ಮುಚ್ಚಳದ ಮ್ಯಾಲೆ ಈ ರುಬ್ಬೋ ಗುಂಡು ಇಡೋದು."

ಇನ್ನೊಂದು ಇಳಿಯಿತು.

"ಇದು ನೋಡು ಅವ್ವಾ, ಇದು ಭಾರಿ ಮಜಾ ಐತೆ. ಸೇಫ್ಟಿ ವಾಲ್ವ್ ಅಂತ ಒಂದು ಇರ್ತೈತಲ್ಲ, ಅದು ಪದೇ ಪದೇ ಹಾರ್ತಿತ್ತು. ಕಿರಿಕಿರಿ! ಆ ತೂತಿಗೆ ಒಂದು ಸ್ಕ್ರೂ ಬಿಗಿದುಬಿಟ್ಟೀನಿ. ಈಗ ಏನೂ ಹಾರಂಗಿಲ್ಲ."

ಸ್ಕ್ರೂಗೆ ಬಹುಶಃ ಈ ಮಾತು ಅವಮಾನವೆನಿಸಿರಬೇಕು. ಕುಕ್ಕರ್ ಒಂದು ಸಲ ಗುರುಗುಟ್ಟಿತು. ನಾನು ಅತ್ತೆಯನ್ನು ಹಿಡಿದು ನಡುಮನೆಗೆ ಎಳೆದೆ, ಶೈಲಜಾ ಫಾತಿಮಾಬಿಯನ್ನು ಎಳೆದಳು, ನಮ್ಮ ಮನೆಯವರು ಫ್ರಿಜ್ಜಿನ ಹಿಂದೆ ಸರಿದರು. ಢಂ! ಸ್ಕ್ರೂ ಹಾರಿತು. ಗುಂಡು ಉರುಳಿತು. ಬೇಳೆ ಮಾತ್ರ ನೇರವಾಗಿ ಮೇಲಕ್ಕೆ ಹೋಗಿ ಚಾವಣಿಗೆ ಬಡಿದು ಅಲ್ಲಿಂದ ನಿಧಾನವಾಗಿ ತೊಟ್ಟಿಕ್ಕತೊಡಗಿತು.

ದೇವರ ದಯೆಯಿಂದ ಯಾರಿಗೂ ಏನೂ ಆಗಿರಲಿಲ್ಲ. ಒಲೆ ಆರಿಸಿ ಬಂದವಳು ಶೈಲಜಾ. ನಾನು ಅವಮಾನದಲ್ಲಿಯೂ ವಾದ ಬಿಡಲಿಲ್ಲ. "ಇದನ್ನ ಲೆಕ್ಕಕ್ಕೆ ತಗಬಾರದು! ಇದು ನಾನು ಮಾಡಿದ ಅಡುಗೆ ಅಲ್ಲ. ಪೈಲಟ್ ಬ್ಯಾರೆ!"

ಅತ್ತೆ ತಲೆ ಎತ್ತಿ ಚಾವಣಿಯನ್ನೇ ನೋಡುತ್ತಿದ್ದರು. ಅಲ್ಲಿ ಇಂದಿನ ಹಸಿ ಬೇಳೆಯ ಪಕ್ಕದಲ್ಲಿ ಒಣಗಿದ ಒಂದು ಹಳದಿ ಕಲೆ ಇತ್ತು. ಅದರಾಚೆ ಕಂದುಬಣ್ಣಕ್ಕೆ ತಿರುಗಿದ ಇನ್ನೊಂದು. ಮೂಲೆಯಲ್ಲಿ ಒಂದು ಕಡಲೆಕಾಳು ಅಂಟಿಕೊಂಡೇ ಇತ್ತು.

"ಗಿರಿಜಾ" ಎಂದರು ಅತ್ತೆ ಮೆಲ್ಲಗೆ. "ಸೊನ್ನೆ ಅಂದಿದ್ದೆಲ್ಲವ್ವಾ?"

ಫಾತಿಮಾಬಿ ಬಲಗೈಯಲ್ಲಿ ಉಳಿದಿದ್ದ ಬಳೆಗಳನ್ನೆಲ್ಲ ಎಡಗೈಗೆ ದಾಟಿಸಿದರು. ಆ ಕಿಣಿಕಿಣಿ ನನ್ನ ಎದೆಯಲ್ಲಿ ಕೇಳಿಸಿತು. ಸರಿ, ಶೈಲಜಾ ಗೆದ್ದಳು, ಅವಳ ವಿಮಾನದಲ್ಲೇ ಹೋಗುವುದು, ನಾನು ಹಿಂದೆ ಚೀಲ ಹೊತ್ತು ನಡೆಯುವುದು ಎಂದು ಮನಸ್ಸನ್ನು ಗಟ್ಟಿಮಾಡಿಕೊಳ್ಳುತ್ತಿದ್ದೆ. ಆದರೆ ಆದದ್ದೇ ಬೇರೆ.

ಅತ್ತೆ ನಡುಮನೆಯ ಕುರ್ಚಿಯಲ್ಲಿ ಕುಸಿದು ಕೂತರು. "ನಾನು ಕಾಶಿಗೆ ಹೋಗಂಗಿಲ್ಲ" ಎಂದರು.

"ಯಾಕ ಅವ್ವಾ?" ಎಂದರು ಮಕ್ಕಳಿಬ್ಬರೂ ಒಟ್ಟಿಗೆ.

"ಗಿರಿಜಾ ಹೇಳಿದ್ದು ಖರೆ ಐತೆ. ಹೇಳಿ ಬಂದ್ರೆ ಎಲ್ಲ ಥಳಥಳ. ಕೇಳಿದ್ರೆ ಸೊನ್ನೆ ಅಂತಾರೆ. ಒಳಗೆ ನೋಡಿದ್ರೆ ಸ್ಕ್ರೂ! ಕಲಿತಾಕಿ, ಮಕ್ಕಳಿಗೆ ಪಾಠ ಹೇಳಾಕಿ, ಈಕಿ ಮನೆನೇ ಹಿಂಗಿದ್ರೆ, ಆ ವಿಮಾನದೋರು ಎಲ್ಲೆಲ್ಲಿ ಏನೇನು ಬಿಗಿದಾರೋ! ಪಟ್ಟಿನೂ ಬ್ಯಾಡ, ವಿಮಾನನೂ ಬ್ಯಾಡ."

ಗಣಿತ ಕಲಿಸಲು ಶುರು ಮಾಡಿದಾಗಿನಿಂದ ನನ್ನ ಪಾಠ ಯಾರಿಗಾದರೂ ಇಷ್ಟು ಚೆನ್ನಾಗಿ ಅರ್ಥವಾಗಿದ್ದು ಇದೇ ಮೊದಲು!

ಶೈಲಜಾ ನನ್ನನ್ನು ಹಿತ್ತಲಿಗೆ ಕರೆದಳು. ಅವಳ ಕಣ್ಣಲ್ಲಿ ನೀರಿತ್ತು. "ಅಕ್ಕಾ, ಅತ್ತೆ ಮೊದ್ಲಿಂದ ಹೆದರಿದ್ರು. ವಿಮಾನ ಅಂದ್ರೆ ಮಾತು ತಿರುಗಿಸ್ತಿದ್ರು. ಹೊರಗೆ ಹೇಳ್ಕೊಳ್ಳೋಕೆ ನಾಚಿಕೆ. ಅದ್ಕೇ ಆ ಪಟ್ಟಿ ಹುಡುಕಿ ತೋರ್ಸಿದ್ದೆ. ಅದು ಸರಿಯೋ ತಪ್ಪೋ ನಂಗೇನು ಗೊತ್ರಿ? ಅದನ್ನ ನೋಡಿದ ಮ್ಯಾಲೆ ಅವ್ರು ಹೂಂ ಅಂದ್ರು. ಅಷ್ಟೇ ನಂಗೆ ಬೇಕಿತ್ತು."

ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಅವಳ ಫ್ರಿಜ್ಜನ್ನು ಸಹಿಸಿದ್ದೆ. ಕಸ ಗುಡಿಸುವ ಯಂತ್ರವನ್ನು ಸಹಿಸಿದ್ದೆ. ಈಗ ಅವಳು ಒಳ್ಳೆಯವಳೂ ಆಗಿಬಿಟ್ಟರೆ ನಾನು ಹೊಟ್ಟೆಕಿಚ್ಚು ಪಡುವುದಾದರೂ ಹೇಗೆ? ಅತ್ತೆಯ ಭಯ ಅವಳಿಗೆ ಕಂಡಿತ್ತು, ನನಗೆ ಕಂಡಿರಲಿಲ್ಲ. ಇದಕ್ಕಂತೂ ಹೊಟ್ಟೆ ಇನ್ನಷ್ಟು ಉರಿಯಿತು.

ಆದರೆ ಅತ್ತೆ ಕಾಶಿ ನೋಡದೆ ಉಳಿದರೆ ಆ ಪಾಪ ನನ್ನ ತಲೆಗೇ. ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದೆ. ಒಂದು ತಿಂಗಳಿನಿಂದ ಕಟ್ಟಿದ ವಾದವನ್ನೆಲ್ಲ ನನ್ನ ಕೈಯಾರೆ ಕೆಡವಲು ಕೂತೆ.

"ಅತ್ತೆ, ನಾನು ಅರ್ಧ ಹೇಳಿದ್ದೆ. ಇನ್ನರ್ಧ ಕೇಳ್ರಿ. ವಿಮಾನ ಹಾರಿಸೋಕೆ ಮೊದಲು ಸರ್ಕಾರದ ಪರೀಕ್ಷೆ ಐತೆ. ಅದ್ರಾಗೆ ಪಾಸಾಗದೋರಿಗೆ ಹಾರೋಕೆ ಬಿಡೋದೇ ಇಲ್ಲ. ಪಟ್ಟಿಯೊಳಗೆ ಮೇಲೆ ಕೆಳಗೆ ಇರೋರೆಲ್ಲ ಪಾಸಾದೋರೇ. ಒಬ್ಬನಿಗೆ ಒಂದಂಕ ಜಾಸ್ತಿ, ಇನ್ನೊಬ್ಬನಿಗೆ ಒಂದಂಕ ಕಮ್ಮಿ, ಅಷ್ಟೇ. ನಾವು ಈಗ ಹರಿಹರದಿಂದ ಕಾರಿನಾಗೆ ಬಂದ್ವಲ್ಲ, ಅದಕ್ಕಿಂತ ಆಕಾಶದಾಗೆ ಹೋಗೋದು ಸುರಕ್ಷಿತ ಅಂತಾರೆ ತಿಳಿದೋರು. ಶೈಲಜಾ ಆರಿಸಿದ್ದು ಭಾಳ ಒಳ್ಳೇ ಕಂಪನಿ!"

ಕೊನೆಯ ವಾಕ್ಯವನ್ನು ಶೈಲಜಾಳ ಕಡೆ ನೋಡದೆ ಹೇಳಿ ಮುಗಿಸಿದೆ.

"ಹಂಗಾದ್ರೆ ಪಟ್ಟಿಯೊಳಗೆ ಇಲ್ಲದ್ದು? ನೀನು ನೋಡಿದ್ದು?"

"ಅದೂ ಪಾಸಾಗಿದ್ದೇ ಅತ್ತೆ. ಈ ಪಟ್ಟಿ ಮಾಡೋರು ಅದನ್ನ ಲೆಕ್ಕಕ್ಕೆ ತಗೊಂಡಿಲ್ಲ, ಅಷ್ಟೇ."

"ಅಂದ್ರೆ ಅದೂ ಸುರಕ್ಷಿತ?"

"ಸುರಕ್ಷಿತ!"

"ಖಾತ್ರಿ?"

"ನೂರಕ್ಕೆ ನೂರು ಖಾತ್ರಿ!"

ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮುಖದಲ್ಲಿ ಬಣ್ಣ ಬಂತು. "ಹಂಗಾದ್ರೆ ಒಂದು ಕೆಲಸ ಮಾಡು. ನೀನು ನಿನ್ನ ವಿಮಾನದಾಗೆ ಒಂದಿನ ಮೊದ್ಲು ಹೋಗು. ಮುಟ್ಟಿದ ಮ್ಯಾಲೆ ಫೋನ್ ಮಾಡು. ಪಟ್ಟಿಯೊಳಗೆ ಇಲ್ಲದ್ದೇ ಸುಖವಾಗಿ ಮುಟ್ಟಿದ್ರೆ, ನಾನು ಶೈಲಜಾನ ವಿಮಾನ ಹತ್ತೀನಿ."

ಫಾತಿಮಾಬಿ "ವಾಹ್!" ಎಂದರು. ನಾನು ನಮ್ಮ ಮನೆಯವರ ಕಡೆ ನೋಡಿದೆ. "ಇವರೂ ನನ್ ಜೊತೆ ಬರ್ಲಿ ಅತ್ತೆ."

"ಬ್ಯಾಡ. ನನ್ನ ಮಕ್ಕಳಿಬ್ರೂ ನನ್ನ ಪಕ್ಕದಾಗೆ ಇರ್ಲಿ."

"ಅವ್ವ ಹೇಳಿದ್ದೇ ಸರಿ" ಎಂದರು ನಮ್ಮ ಮನೆಯವರು. ಎಂದೂ ಯಾವ ಪ್ರಶ್ನೆಗೂ ಅಷ್ಟು ಬೇಗ ಉತ್ತರ ಕೊಟ್ಟವರಲ್ಲ!

ಹೀಗೆ ನಾನು ನಮ್ಮ ಮನೆತನದಲ್ಲಿ ವಿಮಾನ ಹತ್ತಿದ ಮೊಟ್ಟಮೊದಲ ವ್ಯಕ್ತಿಯಾದೆ. ಒಬ್ಬಳೇ. ಗಗನಸಖಿ ಮುಂದೆ ನಿಂತು ಬೆಲ್ಟು ಹಾಕುವುದನ್ನೂ ಗಾಳಿ ತುಂಬುವ ಜಾಕೀಟನ್ನೂ ತೋರಿಸಿದಾಗ ಪಕ್ಕದವರೆಲ್ಲ ನಿದ್ದೆ ಮಾಡುತ್ತಿದ್ದರು. ನಾನು ಮಾತ್ರ ಮೊದಲ ಬೆಂಚಿನ ಹುಡುಗಿಯಂತೆ ಕೇಳಿದೆ. ಒಂದೆರಡು ಸಂದೇಹವನ್ನೂ ಕೇಳಿದೆ. ಆಕೆ ನಕ್ಕು ಮುಂದೆ ಹೋದಳು.

ವಿಮಾನ ಮೇಲೇರಿದಾಗ ಕಣ್ಣು ಮುಚ್ಚಿ ಹರಿಹರೇಶ್ವರನನ್ನು ನೆನೆದೆ. ನಿಜ ಹೇಳಬೇಕೆಂದರೆ ನನಗೆ ಸಾಯುವ ಭಯ ಅಷ್ಟಾಗಿ ಇರಲಿಲ್ಲ. ಈ ವಿಮಾನಕ್ಕೆ ಏನಾದರೂ ಆದರೆ ಶೈಲಜಾಳ ಪಟ್ಟಿ ಸರಿಯೆಂದು ಸಾಬೀತಾಗುತ್ತದಲ್ಲ, ಆ ಭಯ! ನಾನು ಹೋದಮೇಲೂ ಅವಳು "ಪಾಪ, ನಾನು ಅಕ್ಕನಿಗೆ ಹೇಳಿದ್ದೆ" ಎನ್ನುತ್ತ ಬಂದವರಿಗೆಲ್ಲ ತಣ್ಣೀರು ಕೊಡುತ್ತಾಳೆ. ಆ ದೃಶ್ಯ ಕಣ್ಮುಂದೆ ಬಂದು ಸೀಟಿನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ಅದು ಸೀಟಿನ ಕೈಯಲ್ಲ, ಪಕ್ಕದವರ ಕೈ ಎಂದು ಆಮೇಲೆ ತಿಳಿಯಿತು.

ವಿಮಾನ ಹೂವಿನಂತೆ ಇಳಿಯಿತು. ಒಂದು ಕುಲುಕು ಕೂಡ ಇಲ್ಲ. ನನ್ನ ಕಣ್ಣಲ್ಲಿ ಆನಂದಬಾಷ್ಪ! ಬಾಗಿಲು ತೆರೆಯುವ ಮೊದಲೇ ಹರಿಹರಕ್ಕೆ ಫೋನು ಹಚ್ಚಿದೆ.

"ಅತ್ತೆ, ಮುಟ್ಟಿದೆ! ನಾನು ಹೇಳಿರಲಿಲ್ವಾ? ಒಂಚೂರೂ ಏನೂ ಆಗ್ಲಿಲ್ಲ. ಎಷ್ಟು ಚಂದ ಇಳಿಸಿದ್ರು ಗೊತ್ತಾ!"

"ಹೌದಾ? ನನ್ನವ್ವಾ, ಚಲೋ ಆತು" ಎಂದ ಅತ್ತೆ, ಫೋನನ್ನು ಪಕ್ಕಕ್ಕೆ ಹಿಡಿದು ಮನೆಯೆಲ್ಲ ಕೇಳುವಂತೆ ಕೂಗಿದರು. "ಶೈಲಾ! ಪಟ್ಟಿಯೊಳಗೆ ಇಲ್ಲದ್ದೇ ಇಷ್ಟು ಚಲೋ ಐತಂತೆ. ಇನ್ನ ನೀನು ಆರಿಸಿದ್ದು ಇನ್ನೆಷ್ಟು ಚಲೋ ಇರಬೇಕು! ನಿಂಗೆ ಭಾರಿ ತಲೆ ಐತವ್ವಾ!"

ನನ್ನ ವಿಮಾನ ಕ್ಷೇಮವಾಗಿ ಇಳಿದದ್ದರ ಅಂಕವೂ ಶೈಲಜಾಳಿಗೇ ಹೋಯಿತು.

"ಗಿರಿಜಾ, ಕೇಳ್ತೈತಾ?" ಎಂದು ಅತ್ತೆ ಮತ್ತೆ ಫೋನಿಗೆ ಬಂದರು. "ಹೆಂಗೂ ಮೊದ್ಲು ಹೋಗೀಯಲ್ಲ, ನಾವು ಬರೋದ್ರಾಗೆ ಒಂದು ಒಳ್ಳೇ ರೂಮು ನೋಡಿಡು. ಬಿಸಿನೀರು ಬರೋವಂಥದ್ದು. ಶೈಲಜಾಗೆ ತಣ್ಣೀರು ಆಗಿಬರಂಗಿಲ್ಲ."

ಕಾಶಿಯ ಗಲ್ಲಿಗಲ್ಲಿ ಅಲೆದೆ. ವಿಶ್ವನಾಥನ ದರ್ಶನಕ್ಕಿಂತ ಮೊದಲು ಒಂದೊಂದೇ ವಸತಿಗೃಹದ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನೋಡಿದೆ. ಕೊನೆಗೊಂದು ಕಡೆ ನೀರು ಮುಟ್ಟಿದೊಡನೆ ಕೈ ಹಿಂದಕ್ಕೆಳೆದುಕೊಂಡೆ. ಚೆನ್ನಾಗಿ ಕಾದಿತ್ತು. ಹೆಚ್ಚುಕಡಿಮೆ ನನ್ನ ಹೊಟ್ಟೆಯಷ್ಟು!